‘ನಾಸ್ತಿಕ’ ಎಂಬ ಒಂದೇ ಪದ ಸಾಲದು

ದೇವರನ್ನು ನಂಬದವರಿಗೆಲ್ಲ ತರಗತಿಯಲ್ಲಿ ‘ನಾಸ್ತಿಕ’ ಎಂಬ ಒಂದೇ ಹಣೆಪಟ್ಟಿ. ಅದೂ ಬೈಗುಳದ ಧಾಟಿಯಲ್ಲಿ. ಆದರೆ ಭಾರತೀಯ ದರ್ಶನಗಳಲ್ಲಿ ವೇದಪ್ರಾಮಾಣ್ಯವನ್ನು ಒಪ್ಪದವರು ನಾಸ್ತಿಕರು. ಹಾಗಾಗಿ ಜೈನ, ಬೌದ್ಧ ದರ್ಶನಗಳು ನಾಸ್ತಿಕ. ಸೃಷ್ಟಿಕರ್ತನನ್ನು ಹೇಳದ ಸಾಂಖ್ಯ ಆಸ್ತಿಕ! ದೇವರಿದ್ದಾನೋ ಇಲ್ಲವೋ ಎಂಬುದನ್ನು ಅರಿಯಲಾಗದು ಎನ್ನುವ ನಿಲುವಿಗೆ ಜೀವವಿಜ್ಞಾನಿ ಹಕ್ಸ್‌ಲಿ 1869ರಲ್ಲಿ ಹೊಸ ಹೆಸರನ್ನೇ ಕೊಟ್ಟರು; ಕನ್ನಡದಲ್ಲಿ ಅದು ಅಜ್ಞೇಯತಾವಾದ. ಪರೀಕ್ಷಿಸದೆ ಏನನ್ನೂ ಒಪ್ಪದವರು ತಮ್ಮನ್ನು ವಿಚಾರವಾದಿಗಳೆಂದು ಕರೆದುಕೊಳ್ಳುತ್ತಾರೆ.

ಬೋಧನಾಭ್ಯಾಸದ ವೇಳೆ “ಸರ್, ನೀವು ನಾಸ್ತಿಕರಾ?” ಎಂದು ಮಕ್ಕಳು ಕೇಳಿದರೆ ಪ್ರಶಿಕ್ಷಣಾರ್ಥಿಗಳಾದ ನಾವು ಗದರಿಸುವುದು ಬೇಡ. ಈ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ವ್ಯತ್ಯಾಸ ತಿಳಿಸೋಣ. “ನಮ್ಮ ಮನೆಯಲ್ಲಿ ಪೂಜೆಯಿಲ್ಲ” ಎನ್ನುವ ಮಗುವಿಗೆ ಹೆಸರಿಡುವ ಹಕ್ಕು ಸಹಪಾಠಿಗಳಿಗೂ ಇಲ್ಲ, ನಮಗೂ ಇಲ್ಲ. ಪದಗಳನ್ನು ಕೊಡೋಣ, ಬೇಕಾದ್ದನ್ನು ಆ ಮಗುವೇ ಮುಂದೆ ಆರಿಸಿಕೊಳ್ಳಲಿ.