ಮಳೆಗಾಲಕ್ಕೆ ಮೊದಲು ಒಂದು ಚೀಲ

ಮನೆ ಬದಲಿಸುವುದೆಂದರೆ ನಮ್ಮ ಮನೆಗಳಲ್ಲಿ ಒಂದು ತಿಂಗಳ ಕೆಲಸ. ಗಾಜಿನ ತಟ್ಟೆಗಳಿಗೆ ಹಳೆಯ ಪೇಪರ್ ಸುತ್ತಬೇಕು, ಬಟ್ಟೆಗಳನ್ನು ಬೆಡ್‌ಶೀಟಿನಲ್ಲಿ ಗಂಟು ಕಟ್ಟಬೇಕು, ಟೆಂಪೋದವನಿಗೆ ಹೇಳಬೇಕು. ಮುಸ್ಹಫನ್ನು ಮಾತ್ರ ಯಾವ ಪೆಟ್ಟಿಗೆಗೂ ಹಾಕದೆ ಕೈಯಲ್ಲೇ ಹಿಡಿದುಕೊಂಡು ಹೋಗುತ್ತೇವೆ. ಹೊಸ ಮನೆಯಲ್ಲಿ ಉಸ್ತಾದರಿಂದ ದುಆ ಮಾಡಿಸಿ, ಕುಟುಂಬದವರಿಗೆ ಊಟ ಹಾಕಿದ ಮೇಲೆ ಒಕ್ಕಲಾದಂತೆ.

ಇದಕ್ಕೆಲ್ಲ ಸಮಯ ಬೇಕು. ಸಮಯವೇ ಸಿಗದ ಮನೆ ಬದಲಾವಣೆಯೂ ಒಂದಿದೆ. ಅದಕ್ಕೆ ನಮ್ಮಲ್ಲಿ ತಯಾರಿ ಇಲ್ಲ.

2024ರ ಜುಲೈ 30ರಂದು ವಯನಾಡಿನ ಮೇಪ್ಪಾಡಿ ಪಂಚಾಯತ್‌ನ ಮುಂಡಕ್ಕೈ, ಚೂರಲ್‌ಮಲ, ಪುಂಚಿರಿಮಟ್ಟಂ ಭಾಗಗಳಲ್ಲಿ ಆದದ್ದು ಅದು. 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ಸುರಿದಿತ್ತು ಎಂದು ಕೇರಳದ ಮುಖ್ಯಮಂತ್ರಿ ಹೇಳಿದರು. ನಡುರಾತ್ರಿ ಕಳೆದ ಮೇಲೆ ಒಂದು ಕುಸಿತ, ಬೆಳಗಿನ ಜಾವ ಇನ್ನೊಂದು. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಎಸ್ಟೇಟ್ ಕೆಲಸಕ್ಕೆಂದು ಅಲ್ಲಿ ನೆಲೆಸಿದ್ದ ಕರ್ನಾಟಕದವರೂ ಅವರಲ್ಲಿದ್ದರು. 'ಉರುಳ್‌ಪೊಟ್ಟಲ್' ಎಂಬ ಮಾತಿನ ಅರ್ಥವನ್ನು ಬ್ಯಾರಿಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬದುಕಿ ಉಳಿದವರು ಉಟ್ಟ ಬಟ್ಟೆಯಲ್ಲಿ ಶಾಲೆಗಳ ಶಿಬಿರಕ್ಕೆ ಬಂದರು. ಅಲ್ಲಿಂದ ಬಾಡಿಗೆ ಮನೆಗೆ ಹೋದರು. ಸರಕಾರ ತಿಂಗಳಿಗೆ 6,000 ರೂಪಾಯಿ ಬಾಡಿಗೆ ಕೊಟ್ಟಿತು. ಕಲ್ಪಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಅವರಿಗಾಗಿ ಟೌನ್‌ಶಿಪ್‌ಗೆ 2025ರ ಮಾರ್ಚ್ 27ರಂದು ಅಡಿಗಲ್ಲು ಹಾಕಲಾಯಿತು. ಏಳು ಸೆಂಟ್ಸ್ ಜಾಗ, 1,000 ಚದರಡಿಯ ಮನೆ ಎಂಬ ಲೆಕ್ಕ. ಒಂದೇ ಕುಟುಂಬ ಮತ್ತೆ ಮತ್ತೆ ಮನೆ ಬದಲಿಸಬೇಕು. ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: ನೀವು ಯಾರು, ಎಲ್ಲಿ ವಾಸವಿದ್ದಿರಿ, ದಾಖಲೆ ಎಲ್ಲಿ? ಮಣ್ಣಿನಡಿ ಹೋದ ದಾಖಲೆಗಳನ್ನು ಮತ್ತೆ ಕೊಡಲು ಜಿಲ್ಲಾಡಳಿತ ಮೇಪ್ಪಾಡಿಯಲ್ಲಿ ವಿಶೇಷ ಅದಾಲತ್‌ಗಳನ್ನೇ ನಡೆಸಬೇಕಾಯಿತು.

ನನ್ನ ಅಭಿಪ್ರಾಯ ಇಷ್ಟೇ. ಗುಡ್ಡದ ಬುಡದಲ್ಲೋ ಇಳಿಜಾರಿನಲ್ಲೋ ಇರುವ ಪ್ರತಿಯೊಂದು ಮನೆಯೂ ಜೂನ್‌ಗೆ ಮೊದಲು ಎರಡು ತಯಾರಿ ಮಾಡಿಕೊಳ್ಳಬೇಕು. ಒಂದು, ಹೊರಡುವ ತೀರ್ಮಾನ. ಇನ್ನೊಂದು, ಬಾಗಿಲ ಬಳಿ ಒಂದು ಚೀಲ.

ತೀರ್ಮಾನವೇ ಕಷ್ಟದ್ದು. ಆಡುಗಳನ್ನು ನೋಡುವವರು ಯಾರು? ಮನೆ ಬೀಗ ಹಾಕಿ ಹೋದರೆ ಕಳ್ಳರು ಬಂದರೆ? ಮಕ್ಕಳನ್ನು ಕಟ್ಟಿಕೊಂಡು ಇನ್ನೊಬ್ಬರ ಮನೆಯಲ್ಲಿ ಹೋಗಿ ಕೂರುವುದು ಹೇಗೆ? ಹೋದ ವರ್ಷ ಏನೂ ಆಗಲಿಲ್ಲವಲ್ಲ? ಮುಂಡಕ್ಕೈಗೆ ಹತ್ತಿರದ ಪುತ್ತುಮಲದಲ್ಲಿ 2019ರ ಆಗಸ್ಟ್ 8ರಂದು ಗುಡ್ಡ ಕುಸಿದು 17 ಜನ ಹೋಗಿದ್ದರು. 2024ರಲ್ಲೂ ಮಳೆಯ ಲೆಕ್ಕ ಇಡುವ ಕಲ್ಪಟ್ಟದ ಹ್ಯೂಮ್ ಸೆಂಟರ್ ಹಿಂದಿನ ದಿನವೇ ಅಪಾಯದ ಸೂಚನೆ ಕೊಟ್ಟಿತ್ತು. ಆ ಹಗಲಲ್ಲೇ ಹೊರಟ ಕೆಲವು ಕುಟುಂಬಗಳು ಉಳಿದುಕೊಂಡವು. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ತವಕ್ಕುಲ್ ಎಂಬ ಪಾಠವನ್ನು ಮದ್ರಸಾದಲ್ಲೇ ಕಲಿತವರು ನಾವು. ಒಂದು ರಾತ್ರಿ ತಂಗಿಯ ಮನೆಯಲ್ಲಿ ಮಲಗಿದರೆ ಈಮಾನ್ ಕಡಿಮೆಯಾಗುವುದಿಲ್ಲ.

ಇದರಲ್ಲಿ ಜಮಾಅತ್ ಕಮಿಟಿಗಳ ಪಾಲು ದೊಡ್ಡದು. ಯಾವ ಮನೆಯ ಹಿಂದೆ ಗುಡ್ಡ ಕಡಿದಿದ್ದಾರೆ ಎಂಬುದು ಮಹಲ್ಲಿನವರಿಗೆ ತಿಳಿದಷ್ಟು ಯಾವ ಕಚೇರಿಗೂ ತಿಳಿದಿರುವುದಿಲ್ಲ. ರೆಡ್ ಅಲರ್ಟ್ ಬಂದ ದಿನ ಮಸೀದಿಯ ಮೈಕಿನಲ್ಲಿ ಹೇಳಿ, ಜಾತಿ ಧರ್ಮ ಕೇಳದೆ ಮದ್ರಸಾದ ಬಾಗಿಲು ತೆರೆಯಲಿ. ಏನೂ ಆಗದೆ ಬೆಳಗ್ಗೆ ಮನೆಗೆ ಮರಳಿದವರನ್ನು ಯಾರೂ ತಮಾಷೆ ಮಾಡದಿರಲಿ. ಆ ತಮಾಷೆಗೆ ಹೆದರಿಯೇ ಮುಂದಿನ ಸಲ ಜನ ಹೊರಡುವುದಿಲ್ಲ.

ಇನ್ನು ಚೀಲ. ಆಧಾರ್, ರೇಶನ್ ಕಾರ್ಡ್, ಜಾಗದ ದಾಖಲೆ, ಬ್ಯಾಂಕಿನ ಪಾಸ್‌ಬುಕ್, ಪಾಸ್‌ಪೋರ್ಟ್, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಅಂಕಪಟ್ಟಿ, ನಿಕಾಹ್ ಪತ್ರ, ಹಿರಿಯರ ಮಾತ್ರೆಗಳು, ಒಂದು ಟಾರ್ಚ್, ಸ್ವಲ್ಪ ನಗದು. ಎಲ್ಲವೂ ನೀರು ಇಳಿಯದ ಪ್ಲಾಸ್ಟಿಕ್ಕಿನಲ್ಲಿ ಇರಲಿ. ಡಿಜಿಲಾಕರ್ ಒಳ್ಳೆಯದೇ, ಆದರೆ ಕರೆಂಟೂ ನೆಟ್‌ವರ್ಕೂ ಹೋದ ರಾತ್ರಿಯಲ್ಲಿ ಫೋನನ್ನೇ ನಂಬಿ ಕೂರುವ ಹಾಗಿಲ್ಲ. ಎಲ್ಲದರ ಒಂದೊಂದು ಜೆರಾಕ್ಸ್ ಬೇರೆ ಊರಿನ ನೆಂಟರ ಮನೆಯಲ್ಲಿರಲಿ.

ಚೀಲ ಎಲ್ಲಿದೆ, ಅದರಲ್ಲಿ ಏನಿದೆ ಎಂಬುದು ಮನೆಯ ಹೆಂಗಸರಿಗೆ ಗೊತ್ತಿರಲೇಬೇಕು. ಗಂಡಸರು ಗಲ್ಫಿನಲ್ಲಿರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಲ್ಲಿ ಕಪಾಟಿನ ಕೀಲಿಕೈ ಒಂದು ಕಡೆ, ದಾಖಲೆಗಳ ಲೆಕ್ಕ ದುಬೈಯಲ್ಲಿರುವವನ ತಲೆಯಲ್ಲಿ. ಅಪರಾತ್ರಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಬೇಕಾದವಳು ಇಲ್ಲಿರುವ ಉಮ್ಮ. ಅವಳ ಕೈಗೆ ಎಟಕದ ದಾಖಲೆ ಇದ್ದೂ ಇಲ್ಲದ ಹಾಗೆ.

ಬಾಡಿಗೆಗೆ ಇರುವವರು ಕರಾರು ಪತ್ರವನ್ನು ಬರೆಸಿಕೊಳ್ಳದೆ ಒಕ್ಕಲಾಗಬಾರದು. ವಯನಾಡಿನ ಎಸ್ಟೇಟ್ 'ಪಾಡಿ'ಗಳಲ್ಲಿ, ಅಂದರೆ ನಮ್ಮ ಕಡೆಯ ಲೈನ್ ಮನೆಗಳಂಥವುಗಳಲ್ಲಿ, ಇದ್ದವರಿಗೆ ತೋರಿಸಲು ಜಾಗದ ಪತ್ರ ಇರಲಿಲ್ಲ. ಅಂಥವರಿಗೆ ಅಲ್ಲಿ ವಾಸವಿದ್ದೆವು ಎಂದು ಹೇಳುವ ಕಾಗದವೇ ಆಸರೆ.

ವಯನಾಡು ದೂರ ಎನ್ನುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, 2024ರ ಜುಲೈ 16ರಂದು ಶಿರೂರು, 2025ರ ಮೇ 30ರಂದು ನಮ್ಮದೇ ಮಂಜನಾಡಿಯ ಮೊಂಟೆಪದವು. ಅಲ್ಲಿ ಒಂದೇ ಮನೆಯ ಮೂವರು ಹೋದರು. ಮನಸ್ಸಿಗೆ ಬಂದಂತೆ ಗುಡ್ಡ ಕಡಿಯುವುದನ್ನು ತಡೆಯುವುದು ಸರಕಾರದ ಕೆಲಸ, ಅದನ್ನು ನಾವು ಕೇಳುತ್ತಲೇ ಇರಬೇಕು. ಚೀಲ ಗುಡ್ಡವನ್ನು ನಿಲ್ಲಿಸುವುದಿಲ್ಲ. ಹೊರಡುವಾಗ ಹುಡುಕಾಟದಲ್ಲಿ ಕಳೆದುಹೋಗುವ ಹತ್ತು ನಿಮಿಷವನ್ನು ಮಾತ್ರ ಉಳಿಸುತ್ತದೆ.

ಮಳೆಗಾಲ ಮುಗಿಯುವ ತನಕ ಆ ಚೀಲ ಬಾಗಿಲ ಬಳಿಯೇ ಇದ್ದುಬಿಟ್ಟರೆ ಅಲ್‌ಹಮ್ದುಲಿಲ್ಲಾಹ್. ಬಿಚ್ಚಿ, ಮಾತ್ರೆಗಳ ದಿನಾಂಕ ನೋಡಿ, ಮುಂದಿನ ವರ್ಷಕ್ಕೆ ಮತ್ತೆ ಕಟ್ಟಿಡಿ.