ಹುಲಿಗೂ ದಾರಿ, ಕೇರಿಗೂ ದಾರಿ

ಕಾಡುಪ್ರಾಣಿಗಳಿಗೆ ಹೆದ್ದಾರಿ ದಾಟೋಕೆ ದಾರಿ ಕಟ್ಟೋ ವಿಷ್ಯ ಬಂದಾಗೆಲ್ಲ ನಮ್ಮವರೇ ಕೆಲವರು "ಮನುಷ್ಯರಿಗೇ ಗತಿಯಿಲ್ಲ, ಪ್ರಾಣಿಗೆ ಬ್ರಿಡ್ಜಾ?" ಅಂತಾರೆ. ಸಿಟ್ಟು ನ್ಯಾಯವೇ. ಆದ್ರೆ ಅದು ಹುಲಿ ಮೇಲೆ ಯಾಕೆ?

ಮಹಾರಾಷ್ಟ್ರ, ಮಧ್ಯಪ್ರದೇಶದ ಗಡಿಯಲ್ಲಿರೋ ಪೆಂಚ್ ಕಾಡನ್ನ ಸೀಳಿಕೊಂಡು ರಾಷ್ಟ್ರೀಯ ಹೆದ್ದಾರಿ 44 ಹೋಗುತ್ತೆ. ಅದನ್ನ ಅಗಲ ಮಾಡೋವಾಗ ಪರಿಸರದವರು ಕೋರ್ಟಿಗೆ ಹೋದ್ರು, ಪಟ್ಟು ಹಿಡಿದ್ರು. ಕೊನೆಗೆ ರಸ್ತೆಯನ್ನೇ ಎತ್ತರಿಸಿ ಕೆಳಗೆ 9 ಕಡೆ ದಾರಿ ಬಿಟ್ಟರು. ಕೆಲವು 50 ಮೀಟರ್, ಅತಿ ಉದ್ದದ್ದು 750 ಮೀಟರ್. ಭಾರತೀಯ ವನ್ಯಜೀವಿ ಸಂಸ್ಥೆ 2019ರಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಹುಲಿ, ಸೀಳುನಾಯಿ, ಜಿಂಕೆ ಸೇರಿ 18 ಜಾತಿಯ ಪ್ರಾಣಿಗಳು ಅಲ್ಲಿ ಓಡಾಡ್ತಿದ್ದವು.

ಎಲ್ಲ ಕಡೆ ಕಾಂಕ್ರೀಟೇ ಮದ್ದಲ್ಲ. ನಮ್ಮ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಅದನ್ನ ತೆಗೆದು ಮೇಲ್ಸೇತುವೆ ಕಟ್ಟೋಣ ಅನ್ನೋ ಪ್ರಸ್ತಾಪವೂ ಬಂತು. ಖರ್ಚಿಲ್ಲದೆ ಪ್ರಾಣಿಗೆ ದಾರಿ ಕೊಟ್ಟಿರೋ ನಿಷೇಧವನ್ನ ಬಿಟ್ಟು, ವರ್ಷಗಟ್ಟಲೆ ಕಾಡೊಳಗೆ ಜೆಸಿಬಿ ಓಡಿಸೋದು ಯಾರಿಗಾಗಿ?

ಈಗ ನಮ್ಮ ಮಾತು. ಕೇರಿಯನ್ನ ಊರಾಚೆ ಇಟ್ಟವರು ಯಾರು ಅಂತ ನಿಮಗೆ ಗೊತ್ತು. ಬೈಪಾಸ್ ಬರೋದೂ ಊರಾಚೆಯೇ. ಆಗ ಕೇರಿ ಒಂದು ಕಡೆ. ಶಾಲೆ, ನ್ಯಾಯಬೆಲೆ ಅಂಗಡಿ, ಕೂಲಿಯ ಹೊಲ ಇನ್ನೊಂದು ಕಡೆ. ಯೂ-ಟರ್ನ್ ಎರಡು ಕಿಲೋಮೀಟರ್ ದೂರದಲ್ಲಿ. ಅದು ಕಾರಿನವರ ಲೆಕ್ಕ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಅವ್ವ ಡಿವೈಡರ್ ಹತ್ತಿ ದಾಟ್ತಾಳೆ. ಸತ್ತರೆ "ನಿರ್ಲಕ್ಷ್ಯದಿಂದ ರಸ್ತೆ ದಾಟಿದ ಮಹಿಳೆ" ಅಂತ ಸುದ್ದಿ.

ಆನೆ ಸತ್ತಾಗ ಮಾತ್ರ ಯಾರೂ ಆನೆಯ ನಿರ್ಲಕ್ಷ್ಯ ಅನ್ನಲ್ಲ. ದಾರಿಗೆ ಅಡ್ಡ ಬಂದದ್ದು ರಸ್ತೆ ಅಂತ ಒಪ್ಕೋತಾರೆ. ಪ್ರಾಣಿ ಎಲ್ಲಿ ನಡೆಯುತ್ತೆ ಅಂತ ಮೊದಲು ಹುಡುಕಿ, ಅಲ್ಲೇ ದಾರಿ ಬಿಡ್ತಾರೆ. ಸರಿಯಾದ ಕ್ರಮ. ಅದೇ ಕ್ರಮ ಕೇರಿಗೂ ಬರಲಿ.

1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯೋ ಹಕ್ಕಿಗಾಗಿ. ನೂರು ವರ್ಷ ದಾಟಿತು. ಇವತ್ತು ನಾವು ರಸ್ತೆ ದಾಟೋ ಹಕ್ಕು ಕೇಳ್ಬೇಕಾಗಿದೆ.

ನಿಮ್ಮೂರಲ್ಲಿ ಹೆದ್ದಾರಿಗೆ ಸರ್ವೆ ಕಲ್ಲು ಬಿದ್ದಿದ್ರೆ ಈಗಲೇ ನಕ್ಷೆ ಕೇಳಿ. ಕೇರಿಯ ಜನ ಎಲ್ಲಿ ದಾಟ್ತಾರೆ ಅಂತ ಗುರುತು ಹಾಕಿ, ಅಲ್ಲೇ ಅಂಡರ್‌ಪಾಸ್ ಬೇಕು ಅಂತ ಗ್ರಾಮಸಭೆಯಲ್ಲಿ ಬರೆಸಿ. ಡಾಂಬರು ಬಿದ್ದ ಮೇಲೆ ಕೇಳಿದ್ರೆ ಯಾರೂ ಕೇಳಿಸ್ಕೊಳ್ಳಲ್ಲ.

ಜೈ ಭೀಮ್.