ಆರು ತಿಂಗಳು ತಡೀರಿ ಅಂದರೆ

ಗೋಕಾಕ, ಅರಭಾವಿ, ಹುಕ್ಕೇರಿ, ಯಮಕನಮರಡಿ ಕ್ಷೇತ್ರಗಳ ಶಾಸಕ ಸಾಹೇಬರಿಗೆ,

ಕಬ್ಬಿನ ಬಿಲ್ಲಿನ ತಕರಾರಲ್ಲ ಇದು. ನಮ್ಮ ಮನೆಯವರಿಗೆ ಲಕ್ವಾ ಹೊಡೆದು ಐದು ತಿಂಗಳಾಯಿತು. ಬಲಗೈ, ಬಲಗಾಲು ಬಿದ್ದಿವೆ. ಮಾತಿನಲ್ಲಿ ಉಳಿದದ್ದು ‘ಬ್ಯಾಡ’ ಒಂದೇ. ಚಹಾ ಬೇಕಾದರೂ ‘ಬ್ಯಾಡ’, ಸಾಕಾದರೂ ‘ಬ್ಯಾಡ’. ಯಾವ ಬ್ಯಾಡ ಯಾವುದೆಂದು ಈಗ ಕಣ್ಣು ನೋಡಿ ತಿಳಿಯುತ್ತೇನೆ.

ಅಂಗಿ ತೊಡಿಸುವಾಗ ಬಿದ್ದ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಬಿಚ್ಚುವಾಗ ಕೊನೆಗೆ ತೆಗೆಯಬೇಕು. ಇದನ್ನು ಕಲಿಸಿದ್ದು ಆಸ್ಪತ್ರೆಯವರಲ್ಲ, ಪಕ್ಕದ ಕಾಟಿನ ರೋಗಿಯ ಸೊಸೆ. ಡಿಸ್ಚಾರ್ಜ್ ದಿನ ಸಿಕ್ಕಿದ್ದು ಗುಳಿಗೆಯ ಚೀಟಿ, ಅದರ ಕೆಳಗೆ ‘ಫಿಜಿಯೋಥೆರಪಿ ಮಾಡಿಸಿ’ ಎಂಬ ಒಂದು ಸಾಲು. ಕೈಕಾಲು ಹೆಚ್ಚು ಸುಧಾರಿಸುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ, ಅದೂ ಬಿಡದೆ ಆಡಿಸಿದರೆ. ದಿನಾ ಗಾಡಿ ಮಾಡಿಕೊಂಡು ಬೆಳಗಾವಿಗೆ ಹೋಗುವುದು ನಮ್ಮ ಎರಡು ಎಕರೆಗೆ ನೀಗದು. 2023ರ ಶಕ್ತಿ ಯೋಜನೆಯಿಂದ ನನಗೇನೋ ಬಸ್ಸು ಪುಕ್ಕಟೆ. ಆ ಬಸ್ಸಿನ ಮೊದಲ ಮೆಟ್ಟಿಲು ಅವರಿಗೆ ಗುಡ್ಡ. ಬಿದ್ದ ಕೈಕಾಲಿಗೆ ಪಾರಿವಾಳದ ರಕ್ತ ತಿಕ್ಕು ಅಂದರು ಊರವರು. ನಾನು ತಿಕ್ಕಲಿಲ್ಲ, ಆದರೆ ಅವರನ್ನು ಬೈಯಲಾರೆ. ಮನೆ ತನಕ ಬಂದು ಏನಾದರೂ ಹೇಳಿದವರು ಅವರೇ.

ಅಂಗವಿಕಲರ ಕಾರ್ಡಿಗೆ ವಿಚಾರಿಸಿದೆ. ನರದ ಕಾಯಿಲೆಯಿಂದಾದ ವೈಕಲ್ಯವನ್ನು ಆರು ತಿಂಗಳಾದ ಮೇಲೆ ಅಳೆಯಬೇಕೆಂಬುದು ನಿಯಮ. ಕೊನೆಗೆ ಎಷ್ಟು ಉಳಿಯುತ್ತದೆಂದು ನೋಡಲು ಅದು ಸರಿಯೇ ಇರಬಹುದು. ಆದರೆ ಕೈಕಾಲು ತಿರುಗಿ ಬರುವ ಆರು ತಿಂಗಳೂ ಅವೇ ಅಲ್ಲವೇ? ಬೆಳೆ ಒಣಗುವ ಮುಂಚೆ ಹಿಡಕಲ್ ಡ್ಯಾಮಿನಿಂದ ಕಾಲುವೆಗೆ ನೀರು ಬಿಡಿಸಲು ಓಡಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮಿನಲ್ಲಿ ಆರೈಕೆದಾರರ ಭತ್ಯೆಯ ಮಾತಿದೆ. 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದು ಸರ್ಕಾರ ಹೇಳಿತು. ಅವರಿಗೆ ಕೊಟ್ಟದ್ದು ಹೆಚ್ಚಾಯಿತು ಅನ್ನುವುದಿಲ್ಲ, ಆ ಸಾವಿರವೂ ಕಡಿಮೆಯೇ. ಆದರೆ ಓಣಿಗೊಬ್ಬರಂತೆ ಕಾಣುವ ಲಕ್ವಾ ಆ ಸಾಲಿನಲ್ಲಿ ಇರಲಿಲ್ಲ. ಸೇರಿಸಿರಿ, ಕಾರ್ಡಿಗೆ ಕಾಯಿಸದೆ ಡಿಸ್ಚಾರ್ಜ್ ಚೀಟಿಯ ಮೇಲೆಯೇ ಕೊಡಿರಿ. ಜೊತೆಗೆ ತಾಲೂಕಿಗೆ ಒಬ್ಬರಾದರೂ ಫಿಜಿಯೋಥೆರಪಿಸ್ಟ್ ಮನೆಬಾಗಿಲಿಗೆ ಬರುವ ಹಾಗೆ ಮಾಡಿರಿ. ಪಕ್ಕದ ಮೂಡಲಗಿಯವರು ತಾಲೂಕು ಬೇಕೆಂದು ಹೋರಾಡಿದ್ದು ಬರೀ ಬೋರ್ಡಿಗಲ್ಲ, ಇಂಥ ಸವಲತ್ತಿಗೆ.

ಇನ್ನು ನನ್ನ ಮಾತು. ರಾತ್ರಿ ಎದ್ದೆದ್ದು ನಮ್ಮ ಮನೆಯವರ ಮಗ್ಗಲು ಬದಲಿಸಿ ನನ್ನ ಸೊಂಟ ಹಿಡಿದಿದೆ. ಒಮ್ಮೊಮ್ಮೆ ಸಿಟ್ಟು ಬಂದು ಅವರ ಮೇಲೆ ಕೂಗುತ್ತೇನೆ, ಆಮೇಲೆ ಹಿತ್ತಲಿಗೆ ಹೋಗಿ ಅಳುತ್ತೇನೆ. ಈ ಐದು ತಿಂಗಳಲ್ಲಿ ಮನೆಗೆ ಬಂದ ಆರೋಗ್ಯದವರೆಲ್ಲ ಅವರ ಬಿಪಿ ನೋಡಿ, ಬರೆದುಕೊಂಡು ಹೋದರು. ಮುಂದಿನ ಸಲ ಅವರನ್ನು ಕಳಿಸುವಾಗ ಆ ಬಿಪಿ ಪಟ್ಟಿಯನ್ನು ನನ್ನ ತೋಳಿಗೂ ಒಮ್ಮೆ ಸುತ್ತಲು ಹೇಳಿರಿ.

ಇಂತಿ,
ಗೋಕಾಕ ತಾಲೂಕಿನ ಒಬ್ಬ ಮತದಾರಳು